ಮಾತು ಜಾಸ್ತಿ, ಮದ್ದು ಕಡಿಮೆ: ಉಡುಪಿಯ ಒಂದು ಪ್ರಾಣಿ ಕ್ಲಿನಿಕ್

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಮೊದಲೇ ಹೇಳಿಬಿಡುತ್ತೇನೆ. ಟೋಕನ್ ವ್ಯವಸ್ಥೆ ಇಲ್ಲ. ಕಾಯುವ ಜಾಗ ಚಿಕ್ಕದು. ನಾಯಿ ತಂದವರೂ ಬೆಕ್ಕು ತಂದವರೂ ಒಂದೇ ಬೆಂಚಿನಲ್ಲಿ ಕೂರಬೇಕು. ಎಕ್ಸ್‌ರೇ, ಸ್ಕ್ಯಾನಿಂಗ್ ಇಲ್ಲ, ಬೇಕಾದರೆ ಬೇರೆ ಕಡೆ ಕಳಿಸುತ್ತಾರೆ. ರಾತ್ರಿ ಫೋನ್ ಎತ್ತುವುದಿಲ್ಲ.

ಹೆಸರು ಹಾಕೋಣ ಅಂತಿದ್ದೆ. ಡಾಕ್ಟ್ರು, "ಬೇಡ ಅಕ್ಕ, ಈಗಲೇ ಮನೆಗೆ ಹೋಗುವಾಗ ಊಟ ತಣ್ಣಗಾಗಿರುತ್ತದೆ" ಅಂದರು. ಪೇಟೆಯ ಒಳರಸ್ತೆಯಲ್ಲಿ ಸಂಜೆ ಮಾತ್ರ ತೆರೆಯುವ ಒಂದು ಕೋಣೆಯ ಕ್ಲಿನಿಕ್ ಅಂದರೆ ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ನಮ್ಮದು ಹಿರಿಯಡ್ಕ ಕಡೆ ಸಣ್ಣ ಅಡಿಕೆ ತೋಟ. ಕರಿಯ ಅಂತ ಒಂದು ಊರ ನಾಯಿ, ಚಿನ್ನಿ ಅಂತ ಒಂದು ಬೆಕ್ಕು. ಈ ಡಾಕ್ಟ್ರು ನನಗೆ ಹಿಡಿಸಿದ್ದು ಅವರ ಪ್ರಶ್ನೆಗಳಿಂದ. ಮೇಜಿನ ಮೇಲೆ ಕರಿಯನನ್ನು ಎತ್ತಿ ನಿಲ್ಲಿಸಿದ್ದೇ ತಡ, "ಕಂಪೌಂಡ್ ಗೋಡೆ ಮುರಕಲ್ಲಿನದ್ದಾ? ಸಾರಣೆ ಆಗಿದೆಯಾ?" ಅಂತ ಕೇಳಿದರು. ನಾಯಿಗೆ ಜ್ವರ ಬಂದರೆ ಗೋಡೆಯ ವಿಚಾರ ಎಂತಕ್ಕೆ ಮಾರಾಯ್ರೆ ಅಂತ ನನಗೂ ಅನಿಸಿತು.

ವಿಷಯ ಉಣ್ಣಿಯದ್ದು. ಕರಿಯನ ಕಿವಿಯೊಳಗೆ, ಬೆರಳಿನ ಸಂದಿಯಲ್ಲಿ ಕಾಣುವುದು ಸ್ವಲ್ಪವೇ ಅಂತೆ. ರಕ್ತ ಕುಡಿದ ಉಣ್ಣಿ ಕೆಳಗೆ ಬಿದ್ದು, ಗೋಡೆ ಹತ್ತಿ, ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಒಂದೊಂದು ಹೆಣ್ಣು ಉಣ್ಣಿ ಸಾವಿರಗಟ್ಟಲೆ ಇಡುತ್ತದೆ. ಸಾರಣೆ ಇಲ್ಲದ ಮುರಕಲ್ಲಿನ ತುಂಬ ತೂತು, ಅದಕ್ಕೆ ಬೇರೆ ಮನೆಯೇ ಬೇಡ. ನಾಯಿಗೆ ಮಾತ್ರ ಮದ್ದು ಹಾಕಿ ಗೋಡೆ, ನಾಯಿಗೂಡು ಬಿಟ್ಟರೆ ತಿಂಗಳೊಳಗೆ ಅದೇ ಕತೆ. ನಾವು ಗೂಡಿನ ಹಿಂದಿನ ಗೋಡೆಗೆ ಸಿಮೆಂಟು ಸಾರಿಸಿದೆವು. ಮೇಸ್ತ್ರಿ ನಕ್ಕ. ನಗಲಿ.

ಉಣ್ಣಿ ಕಚ್ಚುವುದರಿಂದ ಬರುವ ಜ್ವರ ಗುರುತಿಸಲು ಅವರು ನಂಬುವುದು ವಸಡನ್ನು. ತುಟಿ ಎತ್ತಿ ನೋಡುವುದನ್ನು ನನಗೂ ಕಲಿಸಿದರು. ವಸಡು ಗುಲಾಬಿ ಬಣ್ಣದಲ್ಲಿದ್ದರೆ ಸರಿ. ಬಿಳಿಚಿದ್ದರೆ, ಅನ್ನ ಬಿಟ್ಟಿದ್ದರೆ, ಮೂಗಿನಲ್ಲಿ ರಕ್ತ ಬಂದರೆ ಕಾಯುವ ಹಾಗಿಲ್ಲ. ರಕ್ತ ಪರೀಕ್ಷೆ ಮಾಡಿಸಿ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ ಕೊಟ್ಟರು, 28 ದಿನಕ್ಕೆ. ನಾಲ್ಕನೇ ದಿನ ಕರಿಯ ಬಾಲ ಅಲ್ಲಾಡಿಸಿ ಓಡಾಡಿದ. ಆಗ ಮಾತ್ರೆ ನಿಲ್ಲಿಸುವ ಆಸೆ ಎಲ್ಲರಿಗೂ ಆಗುತ್ತದಂತೆ. ಅದಕ್ಕೇ ಚೀಟಿಯಲ್ಲಿ ಕೊನೆಯ ದಿನದ ತಾರೀಕು ದಪ್ಪಕ್ಷರದಲ್ಲಿ ಬರೆದು, ಖಾಲಿ ಹೊಟ್ಟೆಗೆ ಬೇಡ ಅಂತ ಕೆಳಗೆ ಗೀಟು ಹಾಕಿದ್ದರು.

ಜೊತೆಗೆ ಒಂದು ಎಚ್ಚರಿಕೆ. ನಾಯಿಗೆ ತಂದ ಉಣ್ಣಿ ಮದ್ದನ್ನು ಬೆಕ್ಕಿಗೆ ಹಚ್ಚಲೇಬಾರದು. ಕೆಲವದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ, ಬೆಕ್ಕಿಗೆ ಅದು ವಿಷ. ನಡುಕ ಬಂದು ಸಾಯಬಹುದು. ಪ್ಯಾರಾಸಿಟಮಾಲ್ ಕೂಡ ಹಾಗೆಯೇ. ಬೆಕ್ಕನ್ನು ಕೊಲ್ಲಲು ಮನುಷ್ಯರ ಅರ್ಧ ಮಾತ್ರೆ ಸಾಕು. ಮೈ ಬಿಸಿ ಇದೆ ಅಂತ ಅಕ್ಕರೆಯಿಂದ ಕೊಡುವವರು ತುಂಬ ಜನ ಇದ್ದಾರಂತೆ.

ಚಿನ್ನಿಯ ಊಟದ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. ಕರಾವಳಿ ಬೆಕ್ಕಿಗೆ ಮೀನು ಬಿಟ್ಟರೆ ಇನ್ನೇನು ಅಲ್ವಾ? ಡಾಕ್ಟ್ರು ಮೀನು ಬೇಡ ಅನ್ನಲಿಲ್ಲ. ದಿನಾ ಹಸಿ ಮೀನೇ ಬೇಡ ಅಂದರು. ಕೆಲವು ಹಸಿ ಮೀನಿನಲ್ಲಿರುವ ಒಂದು ಅಂಶ ಬಿ1 ವಿಟಮಿನ್ ಹಾಳುಮಾಡುತ್ತದೆ, ಬೇಯಿಸಿದರೆ ಆ ತೊಂದರೆ ಇಲ್ಲ. ಉಪ್ಪು ಹಾಕದೆ ಬೇಯಿಸಿ, ಮುಳ್ಳು ತೆಗೆದು, ಮಧ್ಯೆ ಕೋಳಿ, ಮೊಟ್ಟೆಯನ್ನೂ ಕೊಡಬೇಕು. ನಾವು ಉಳಿದ ಗಸಿಯಲ್ಲಿ, ಅಂದರೆ ಮಸಾಲೆ ಸಾರಿನಲ್ಲಿ, ಅನ್ನ ಕಲಸಿ ಹಾಕುತ್ತೇವಲ್ಲ, ಅದು ಮಾತ್ರ ಪೂರ್ತಿ ಬಂದ್. ಅದರಲ್ಲಿರುವ ನೀರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿ ಬೆಕ್ಕುಗಳ ರಕ್ತ ಕೆಡಿಸುತ್ತವೆ, ಬೆಕ್ಕಿಗೆ ಇನ್ನೂ ಬೇಗ. ನಮ್ಮ ಅತ್ತೆಗೆ ಇದು ಒಪ್ಪಿಗೆಯಾಗಿಲ್ಲ. "ನಮ್ಮ ಕಾಲದ ಬೆಕ್ಕುಗಳು ಬದುಕಲಿಲ್ವಾ?" ಅಂತ ಈಗಲೂ ಕೇಳುತ್ತಾರೆ. ಪ್ಯಾಕೆಟ್ ಆಹಾರ ತಗೊಳ್ಳಿ ಅಂತ ಡಾಕ್ಟ್ರು ಒಮ್ಮೆಯೂ ಒತ್ತಾಯಿಸಿಲ್ಲ, ಅದು ನನಗೆ ಇಷ್ಟವಾಯಿತು.

ಮಳೆಗಾಲಕ್ಕೆ ಮುಂಚೆ ಹೋದರೆ ಮಾತೆಲ್ಲ ಇಲಿಜ್ವರದ್ದೇ. ನಮ್ಮ ಜಿಲ್ಲೆಯಲ್ಲಿ ಮನುಷ್ಯರಿಗೂ ಬರುವ ಕಾಯಿಲೆ ತಾನೆ. ಇಲಿ ಮೂತ್ರ ಬಿದ್ದ ನೀರು ಕುಡಿದರೆ ನಾಯಿಗೂ ಬರುತ್ತದೆ, ನಾಯಿಯ ಮೂತ್ರದಿಂದ ನಮಗೂ ಬರಬಹುದು. ಅಡಿಕೆ ಸಿಪ್ಪೆ ರಾಶಿ, ತೆಂಗಿನಕಾಯಿ ಕೊಟ್ಟಿಗೆ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ಇದರ ಲಸಿಕೆಯ ಬಲ ವರ್ಷಕ್ಕಿಂತ ಹೆಚ್ಚು ನಂಬುವ ಹಾಗಿಲ್ಲ, ಹಾಗಾಗಿ ತಪ್ಪದೆ ವರ್ಷವರ್ಷ. ನಾವು ಮೇ ತಿಂಗಳಲ್ಲೇ ಹಾಕಿಸುತ್ತೇವೆ. ತೋಟಕ್ಕೆ ಮದ್ದು ಬಿಡುವ ದಿನ ನಾಯಿಯನ್ನು ಕಟ್ಟಿಹಾಕಿ ಅಂತಲೂ ಹೇಳಿದ್ದಾರೆ. ಮೈಲುತುತ್ತಿನ (ತಾಮ್ರದ ಸಲ್ಫೇಟ್) ನೀರು ಗುಂಡಿಯಲ್ಲಿ ನಿಂತಿರುತ್ತದೆ, ಬಾಯಾರಿದ ನಾಯಿ ಅದನ್ನೇ ನೆಕ್ಕುತ್ತದೆ.

ಅವರಿಗೆ ಸಿಟ್ಟು ಬಂದದ್ದು ನಾನು ನೋಡಿದ್ದು ರೇಬಿಸ್ ವಿಷಯದಲ್ಲಿ. ಯಾರದೋ ಮನೆಯ ಹುಡುಗನಿಗೆ ಬೀದಿ ನಾಯಿ ಕಚ್ಚಿತ್ತು. ಗಾಯಕ್ಕೆ ಅರಿಶಿನ ಹಚ್ಚಿ, ನಾಯಿ ಡಾಕ್ಟ್ರು ಏನಂತಾರೆ ಕೇಳೋಣ ಅಂತ ಇಲ್ಲಿಗೆ ಕರೆತಂದಿದ್ದರು. ಡಾಕ್ಟ್ರು ಹುಡುಗನನ್ನು ನಲ್ಲಿ ಹತ್ತಿರ ನಿಲ್ಲಿಸಿ 15 ನಿಮಿಷ ಸೋಪು ಹಾಕಿ ತೊಳೆಸಿದರು. ಆಮೇಲೆ ಆ ತಂದೆಗೆ, "ಈಗಲೇ ಮನುಷ್ಯರ ಆಸ್ಪತ್ರೆಗೆ ಹೋಗಿ, ನಾಳೆ ಅಲ್ಲ. ಲಕ್ಷಣ ಕಾಣಿಸಿದ ಮೇಲೆ ಯಾರ ಕೈಯಲ್ಲೂ ಏನೂ ಆಗುವುದಿಲ್ಲ" ಅಂದರು. ಬೆಂಚಿನಲ್ಲಿದ್ದ ನಮಗೆಲ್ಲ ಅಲ್ಲೇ ಪಾಠ: ಮರಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ಆಮೇಲೆ ಅವರು ಬರೆದ ತಾರೀಕಿಗೆ ವರ್ಷವರ್ಷ. ಮನೆ ಬಿಟ್ಟು ಹೋಗದ ಬೆಕ್ಕಿಗೂ. ದುಡ್ಡಿಲ್ಲದವರು ಸೆಪ್ಟೆಂಬರ್ 28ರ ರೇಬಿಸ್ ದಿನದ ಆಸುಪಾಸು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೇಳಿ ನೋಡಿ, ಹಲವು ಕಡೆ ಉಚಿತವಾಗಿ ಹಾಕುತ್ತಾರೆ.

ಹೋಗುವವರು ಲಸಿಕೆ ಪುಸ್ತಕ ಮರೆಯಬೇಡಿ, ಅವರು ಮೊದಲು ಕೇಳುವುದೇ ಅದನ್ನು. ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿ ಮೇಲೆ ಬಟ್ಟೆ ಮುಚ್ಚಿ. ಶನಿವಾರ ಬೇಡ, ಜಾತ್ರೆಯ ಹಾಗೆ ಜನ. ಗೂಗಲ್ ಪೇ ಇದೆ, ಒಳಗೆ ನೆಟ್ ಸಿಗುವುದಿಲ್ಲ. ಚಿಲ್ಲರೆ ಇಟ್ಟುಕೊಂಡು ಹೋಗಿ.