ಬಿಲ್‌ಸ್ಟೈನ್ ಬಿ12 ಪ್ರೊ-ಕಿಟ್: ಕಾರು ತಗ್ಗಲಿ, ಸವಾರಿ ಕೆಡದಿರಲಿ

ಸ್ಪೋರ್ಟ್ಸ್ ಕಾರಿಗೆ ಗಿಡ್ಡ ಸ್ಪ್ರಿಂಗ್ ಮಾತ್ರ ಹಾಕಿಸಿ 30 ಮಿ.ಮೀ. ತಗ್ಗಿಸಿದರೆ, ಶಾಕ್ ಅಬ್ಸಾರ್ಬರ್ ಒಳಸರಿಯುವ ಜಾಗವೂ ಅದಕ್ಕೆ ತಕ್ಕಂತೆ ಕಮ್ಮಿಯಾಗುತ್ತದೆ. ಸಣ್ಣ ಗುಂಡಿಗೂ ಬಂಪ್‌ಸ್ಟಾಪ್‌ಗೆ (ಶಾಕ್ ಪೂರ್ತಿ ಒಳಸರಿಯದಂತೆ ತಡೆಯುವ ಮೆತ್ತೆ) ಗುದ್ದು. 'ಸ್ಪ್ರಿಂಗ್ ಗಟ್ಟಿಯಾಯ್ತು' ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಗುದ್ದೇ.

ಬಿಲ್‌ಸ್ಟೈನ್ ಕಂಪನಿಯ ಬಿ12 ಕಿಟ್‌ನಲ್ಲಿ ಐಬಾಕ್ ಕಂಪನಿಯ ಪ್ರೊ-ಕಿಟ್ ಎಂಬ ಗಿಡ್ಡ ಸ್ಪ್ರಿಂಗ್ ಜೊತೆ, ತಗ್ಗಿಸಿದ ಕಾರಿಗೆಂದೇ ಗಿಡ್ಡ ಮಾಡಿದ ಬಿ8 ಶಾಕ್ ಬರುತ್ತದೆ. ಬಿಲ್‌ಸ್ಟೈನ್‌ನದೇ ಬಿ6 ಶಾಕ್ ಮೂಲ ಎತ್ತರದ ಕಾರಿಗೆ, ಗೊಂದಲ ಬೇಡ. ಬಿ12 ಹಾಕಿದಾಗ ಇಳಿತ ಕಾರಿಗೆ ತಕ್ಕಂತೆ ಸುಮಾರು 30 ಮಿ.ಮೀ. ಇರುತ್ತದೆ. ಆಮೇಲೆ ಎತ್ತರ ಹೊಂದಿಸಲು ಬರುವುದಿಲ್ಲ, ಅದಕ್ಕೆ ಕಾಯಿಲ್‌ಓವರ್ (ಎತ್ತರ ಬದಲಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಬೇಕು. ದಿನಾ ಓಡಿಸುವ ಕಾರಿಗೆ ನಾನು ಬಿ12 ಅನ್ನೇ ಹೇಳುತ್ತೇನೆ.

ಜೋಡಣೆಯಲ್ಲೇ ಹಲವರು ಕೆಡಿಸುವುದು. ಶಾಕ್‌ನ ಮೇಲ್ತುದಿಯನ್ನು ಕಾರಿನ ಬಾಡಿಗೆ ಕೂರಿಸುವ ಹಳೆಯ ಟಾಪ್ ಮೌಂಟ್ ಸವೆದಿದ್ದರೆ ಕಟಕಟ ಸದ್ದು ಹೋಗದು, ಹೊಸದು ಹಾಕಿಸಿ. ಕೆಲವು ಶಾಕ್‌ಗಳಲ್ಲಿ ಬಂಪ್‌ಸ್ಟಾಪ್ ಒಳಗೇ ಇರುತ್ತದೆ. ಹೊರಗೆ ಇನ್ನೊಂದು ಹಾಕಿದರೆ ಉಳಿಸಿಕೊಂಡ ಜಾಗವೂ ಹೋಯಿತು, ಹಾಗಾಗಿ ಸೂಚನಾಪತ್ರ ಓದಿ. ಕಂಟ್ರೋಲ್ ಆರ್ಮ್ (ಚಕ್ರವನ್ನು ಕಾರಿಗೆ ಜೋಡಿಸುವ ತೋಳು) ಬುಷ್‌ನ, ಅಂದರೆ ಅದರ ರಬ್ಬರ್ ಕೀಲಿನ, ಬೋಲ್ಟ್‌ಗಳನ್ನು ಚಕ್ರದ ಮೇಲೆ ಕಾರಿನ ಭಾರ ಬಿದ್ದಾಗಲೇ ಬಿಗಿಯಬೇಕು. ಜ್ಯಾಕ್ ಮೇಲಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಕೊನೆಗೆ ಅಲೈನ್‌ಮೆಂಟ್: ತಗ್ಗಿದಾಗ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಜೊತೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಕೂಡ ಬದಲಾಗುತ್ತದೆ, ಟೈರಿನ ಒಳಅಂಚನ್ನು ಹೆಚ್ಚು ತಿನ್ನುವುದು ಟೋ.