ನಮ್ಮ ಚಾಳಿನ ಹತ್ತಿರದ ದವಾಖಾನೆ: ಎರಡು ವರ್ಷಗಳ ಅನುಭವ

ಮುಂಬೈ ಮಹಾನಗರ ಪಾಲಿಕೆಯು 2022ರಲ್ಲಿ ಆರಂಭಿಸಿದ ‘ಆಪಲಾ ದವಾಖಾನಾ’ಗಳಲ್ಲಿ ಒಂದು ನಮ್ಮ ಚಾಳಿನಿಂದ ಐದು ನಿಮಿಷದ ದಾರಿ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಎರಡೂ ಇರುವ ನಮ್ಮ ಅವ್ವ ಎರಡು ವರ್ಷಗಳಿಂದ ತಿಂಗಳಿಗೊಮ್ಮೆ ಅಲ್ಲಿಗೇ ಹೋಗುತ್ತಾಳೆ. ವೈದ್ಯರ ತಪಾಸಣೆ, ಸಾಮಾನ್ಯ ರಕ್ತಪರೀಕ್ಷೆ, ಮಾತ್ರೆ, ಯಾವುದಕ್ಕೂ ಹಣ ಕೊಡಬೇಕಿಲ್ಲ.

ಗದಗಿನಿಂದ ಬಂದ ಅವ್ವನಿಗೆ ಮರಾಠಿ ‘ಆಜಿ, ಬಸಾ’ ಎನ್ನುವಷ್ಟೇ ತಿಳಿಯುತ್ತದೆ. ಅದನ್ನು ಗಮನಿಸಿದ ಔಷಧ ಕೊಡುವ ಹುಡುಗಿ ಮಾತ್ರೆಯ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ಎರಡು ಕಾಗದದ ಲಕೋಟೆಗಳಲ್ಲಿ ಹಾಕಿ, ಬೆಳಗಿನದರ ಮೇಲೆ ಸೂರ್ಯನನ್ನೂ ರಾತ್ರಿಯದರ ಮೇಲೆ ಚಂದ್ರನನ್ನೂ ಬರೆದುಕೊಡುತ್ತಾಳೆ. ಅಂದಿನಿಂದ ಅವ್ವ ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ.

ಇದನ್ನು ಪುಕ್ಕಟೆ ಸೇವೆ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಸಾಬೂನು ಕೊಳ್ಳುವ ಕೂಲಿಯೂ ತೆರಿಗೆ ಕಟ್ಟುತ್ತಾನೆ. ಪ್ರಶ್ನೆ ಇರುವುದು, ಆ ಹಣವನ್ನು ಆರೋಗ್ಯವಾಗಿದ್ದಾಗ ಶಕ್ತಿಗೆ ತಕ್ಕಂತೆ ಕಟ್ಟಬೇಕೋ, ಹಾಸಿಗೆ ಹಿಡಿದಾಗ ಒಮ್ಮೆಲೇ ಸುರಿಯಬೇಕೋ ಎಂಬುದರಲ್ಲಿ. ಬ್ರಿಟನ್ 1948ರ ಜುಲೈ 5ರಂದು ಮೊದಲನೆಯ ದಾರಿ ಹಿಡಿಯಿತು. ಅಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೂ ಮುಖ್ಯವಾಗಿ ತೆರಿಗೆಯ ಹಣವೇ ಆಧಾರ. ಶ್ರೀಮಂತವಲ್ಲದ ಥಾಯ್ಲೆಂಡ್ ಕೂಡ 2002ರ ಹೊತ್ತಿಗೆ ಒಂದು ಭೇಟಿಗೆ 30 ಬಾತ್ (ಅಲ್ಲಿಯ ನಾಣ್ಯ) ಎಂಬ ಯೋಜನೆಯನ್ನು ದೇಶದಾದ್ಯಂತ ತಂದಿತು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಜಪಾನಿನ ಕ್ರಮ: 1961ರಿಂದ ಎಲ್ಲರಿಗೂ ವಿಮೆಯಿರುವ ಅಲ್ಲಿ ರೋಗಿಯು ಸಾಮಾನ್ಯವಾಗಿ ವೆಚ್ಚದ ಶೇ. 30ರಷ್ಟನ್ನು ಕೊಡಬೇಕಾದರೂ, ತಿಂಗಳಿಗೆ ಇಷ್ಟಕ್ಕಿಂತ ಹೆಚ್ಚು ಕೊಡಬೇಕಿಲ್ಲ ಎಂಬ ಮಿತಿಯನ್ನು ಅವರವರ ಆದಾಯ ನೋಡಿ ಗೊತ್ತುಮಾಡಿದ್ದಾರೆ. ಅಮೆರಿಕದಲ್ಲಿ ವೃದ್ಧರಿಗೂ ಬಡವರಿಗೂ 1965ರಿಂದ ಸರ್ಕಾರಿ ಯೋಜನೆಗಳಿದ್ದರೂ, ದುಡಿಯುವ ವಯಸ್ಸಿನ ಬಹುಪಾಲು ಜನರ ವಿಮೆ ನೌಕರಿಗೇ ಅಂಟಿಕೊಂಡಿದೆ.

ನಮ್ಮಲ್ಲಿ ಈ ಆಸರೆ ದವಾಖಾನೆಯ ಬಾಗಿಲಿಗೇ ಮುಗಿಯುತ್ತದೆ ಎಂಬುದು ನನ್ನ ದೂರು. ಕಳೆದ ವರ್ಷ ಅವ್ವನ ಕಣ್ಣಿನ ಅಕ್ಷಿಪಟಲಕ್ಕೆ ಸಕ್ಕರೆ ಕಾಯಿಲೆಯ ಪೆಟ್ಟು ಬಿದ್ದಿರುವುದನ್ನು ಇಲ್ಲಿಯ ವೈದ್ಯರೇ ಸಂಶಯಿಸಿ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಸಿಕ್ಕಿದ್ದು ಮೂರು ತಿಂಗಳ ನಂತರದ ತಾರೀಖು. ದೃಷ್ಟಿ ಅಷ್ಟು ದಿನ ಕಾಯುವುದಿಲ್ಲವೆಂದು ಹೆದರಿ, ತಂಗಿಯ ಮದುವೆಗೆಂದು ಇಟ್ಟಿದ್ದ ಭಿಶಿ (ಚೀಟಿ ಫಂಡಿನ ಹಣ) ಎತ್ತಿ, ಖಾಸಗಿಯಲ್ಲಿ ಲೇಸರ್ ಮಾಡಿಸಿದೆವು. ಕಾಯುವ ಸರದಿ ಬ್ರಿಟನ್ನಿನಲ್ಲೂ ಉದ್ದವೇ ಇದೆ, ನಿಜ. ಆದರೆ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021-22ರಲ್ಲೂ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ. 39.4 ಭಾಗ ಜನರ ಕಿಸೆಯಿಂದಲೇ ಹೋಗಿತ್ತು. ಸರ್ಕಾರಗಳ ವೆಚ್ಚ ದೇಶದ ಉತ್ಪನ್ನದ ಶೇ. 1.84 ಮಾತ್ರ. ನಮ್ಮ ಭಿಶಿಯಂತಹ ಎಷ್ಟು ಮನೆಗಳ ಉಳಿತಾಯ ಆ ಮೊದಲ ಅಂಕಿಯೊಳಗೆ ಕರಗಿದೆಯೋ!

ಆದರೂ ದಿನನಿತ್ಯದ ಕಾಯಿಲೆಗಳಿಗೆ ಈ ದವಾಖಾನೆಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಸಂಬಳದವರೂ ಇಲ್ಲಿಗೆ ಬರಬೇಕು. ಕೇಳುವ ದನಿಗಳು ಹೆಚ್ಚಿದಷ್ಟೂ ಔಷಧದ ಕಪಾಟು ತುಂಬಿರುತ್ತದೆ. ನಮ್ಮಲ್ಲಿ ಇದು ರಾತ್ರಿ ಹತ್ತರವರೆಗೆ ತೆರೆದಿರುತ್ತದೆ, ಎಂಟರ ಮೇಲೆ ಗದ್ದಲ ಕಡಿಮೆ. ಹಳೆಯ ಕೇಸ್ ಪೇಪರ್ ಮರೆಯದೆ ಒಯ್ಯಿರಿ.