ಫೋನನ್ನು ನಂಬುವ ಬ್ಯಾಂಕ್ ಆ್ಯಪ್: ನೆಹರೂ ಗಂಜ್‌ನಿಂದ ಒಂದು ವಿಮರ್ಶೆ

ಕಲಬುರಗಿಯ ನೆಹರೂ ಗಂಜ್‌ನಲ್ಲಿ ತೊಗರಿಯ ಅಡತ್ (ದಲ್ಲಾಳಿ) ಅಂಗಡಿಯೊಂದರ ಲೆಕ್ಕ ನನ್ನ ಕೈಯಲ್ಲಿದೆ. ಡಿಸೆಂಬರ್‌ನಲ್ಲಿ ಹೊಸ ಮಾಲು ಬರತೊಡಗಿತೆಂದರೆ ಬಾರದಾನದವರಿಗೆ (ಗೋಣಿಚೀಲ ಕೊಡುವವರಿಗೆ), ಲಾರಿಯವರಿಗೆ, ಸೊಲ್ಲಾಪುರದ ಪಾರ್ಟಿಗಳಿಗೆ ದಿನವಿಡೀ ಹಣ ಕಳಿಸುತ್ತಲೇ ಇರಬೇಕು. ಇವರಲ್ಲಿ ಅರ್ಧ ಜನರ ಮುಖವನ್ನು ನಾನು ನೋಡಿಲ್ಲ, ಅವರೂ ನನ್ನನ್ನು ನೋಡಿಲ್ಲ. ಅಂಗಡಿಯ ಕರೆಂಟ್ ಖಾತೆ ಇರುವ ಬ್ಯಾಂಕ್ ತನ್ನ ಆ್ಯಪ್‌ನಲ್ಲಿ ‘ವಿಶ್ವಾಸಾರ್ಹ ಸಾಧನ’ ಎಂಬ ಏರ್ಪಾಡು ತಂದಿದೆ: ನೋಂದಾಯಿಸಿದ ಫೋನಿನಿಂದ ಮಾತ್ರ ಹಣ ಹೋಗುತ್ತದೆ. ಬ್ಯಾಂಕಿನ ಹೆಸರು ಹೇಳುವುದಿಲ್ಲ. ಈ ಏರ್ಪಾಡು ಈಗ ಬೇರೆ ಬ್ಯಾಂಕುಗಳಲ್ಲೂ ಇದೆ.

ನೋಂದಣಿಯ ರೀತಿ ನನಗೆ ಮೆಚ್ಚುಗೆಯಾಯಿತು. ಒಟಿಪಿ ನಮಗೆ ಬರುವ ಬದಲು ನಮ್ಮ ಫೋನೇ ಬ್ಯಾಂಕಿಗೆ ಒಂದು ಎಸ್‌ಎಂಎಸ್ ಕಳಿಸುತ್ತದೆ. ಖಾತೆಗೆ ಜೋಡಿಸಿದ ಸಿಮ್ ಆ ಫೋನಿನಲ್ಲೇ ಇದೆ ಎಂದು ಬ್ಯಾಂಕಿಗೆ ಗೊತ್ತಾಗುವುದು ಹೀಗೆ. ಆಮೇಲೆ ಫೋನಿನೊಳಗೆ ಒಂದು ಗುಪ್ತ ಕೀಲಿ ತಯಾರಾಗುತ್ತದೆ. ಅದು ಫೋನ್ ಬಿಟ್ಟು ಹೊರಗೆ ಹೋಗುವುದಿಲ್ಲ. ಪ್ರತಿ ಪಾವತಿಗೂ ಆ ಕೀಲಿಯ ಸಹಿ ಬಿದ್ದರೆ ಮಾತ್ರ ಹಣ ಹೊರಡುತ್ತದೆ. ಸರ್ಕಾರಿ ಯೋಜನೆಯ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಕಡತ (ಒತ್ತಿದರೆ ಫೋನಿಗೆ ಆ್ಯಪ್ ಸೇರಿಸುವಂಥದ್ದು) ಒತ್ತಿ ಹಣ ಕಳೆದುಕೊಂಡ ರೈತರ ಕಥೆ ಗಂಜ್‌ನಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ. ಅಂಥ ಕಡತ ಒಟಿಪಿಯನ್ನು ಕದ್ದು ಓದಿ ಕಳ್ಳನಿಗೆ ಮುಟ್ಟಿಸುತ್ತದೆ. ಇಲ್ಲಿ ಒಟಿಪಿ ಸಿಕ್ಕರೂ ಕಳ್ಳನ ಫೋನಿನಲ್ಲಿ ಕೀಲಿ ಇರುವುದಿಲ್ಲ.

ಒಂದು ಎಚ್ಚರ: ಸಿಮ್‌ನ ರೀಚಾರ್ಜ್ ಮುಗಿದಿದ್ದರೆ ಎಸ್‌ಎಂಎಸ್ ಹೋಗುವುದಿಲ್ಲ, ಆ್ಯಪ್ ಮಾತ್ರ ‘ತಾಂತ್ರಿಕ ದೋಷ’ ಎನ್ನುತ್ತದೆ. ಎರಡು ಸಿಮ್ ಇದ್ದರೆ ಯಾವುದರಿಂದ ಕಳಿಸಬೇಕೆಂದು ನಾವೇ ನೋಡಿ ಆರಿಸಬೇಕು.

ನಮ್ಮಲ್ಲಿ ಎರಡು ಫೋನ್ ನೋಂದಣಿಯಾಗಿವೆ. ನಾನು ನನ್ನ ಫೋನಿನಲ್ಲಿ ಪಾವತಿ ಬರೆಯುತ್ತೇನೆ, ಸಾಹುಕಾರರು ತಮ್ಮ ಫೋನಿನಲ್ಲಿ ಬೆರಳಿಟ್ಟು ಒಪ್ಪಿಗೆ ಕೊಡುತ್ತಾರೆ. ಕೇಳಲು ಚೆನ್ನಾಗಿದೆ. ಒಂದು ಮಧ್ಯಾಹ್ನ ಬಾರದಾನದ ಬಿಲ್ಲಿಗೆ ಒಪ್ಪಿಗೆ ಬಂತು, ಸಾಹುಕಾರರು ಮಾತ್ರ ಊಟ ಮುಗಿಸಿ ಗಾದಿಯ ಮೇಲೆ ಗೊರಕೆ ಹೊಡೆಯುತ್ತಿದ್ದರು. “ಅಕ್ಕಾ, ಏನೋ ಬಂದಿತ್ತು, ನಾನೇ ಬೆರಳಿಟ್ಟೆ” ಎಂದ ಅವರ ಮೊಮ್ಮಗ. ಆಟವಾಡಲೆಂದು ಹುಡುಗ ತನ್ನ ಹೆಬ್ಬೆರಳನ್ನೂ ಅಜ್ಜನ ಫೋನಿಗೆ ಸೇರಿಸಿಟ್ಟುಕೊಂಡಿದ್ದ. ಬಿಲ್ಲು ಸರಿಯಾದದ್ದೇ, ನಷ್ಟವೇನೂ ಆಗಲಿಲ್ಲ. ಆದರೆ ಬ್ಯಾಂಕಿನ ಕಡತದಲ್ಲಿ ಅದು ಸಾಹುಕಾರರ ಒಪ್ಪಿಗೆ! ಬೆರಳನ್ನು ಪರೀಕ್ಷಿಸುವುದು ಬ್ಯಾಂಕ್ ಅಲ್ಲ, ಫೋನ್. ಫೋನಿನಲ್ಲಿರುವ ಯಾವ ಬೆರಳಾದರೂ ಅದಕ್ಕೆ ಒಡೆಯನೇ. ಆ್ಯಪ್ ಗುರುತಿಸುತ್ತಿರುವುದು ಸಾಧನವನ್ನು, ಹಿಡಿದವರನ್ನಲ್ಲ. ಒಂದೇ ಫೋನ್ ಮನೆಮಂದಿಯ ಕೈಯಲ್ಲೆಲ್ಲ ಓಡಾಡುವ ನಮ್ಮ ಕಡೆ ಇದು ಸಣ್ಣ ಮಾತಲ್ಲ. ನೋಂದಣಿಯ ಸಮಯದಲ್ಲಿ ‘ಈ ಫೋನಿನಲ್ಲಿ ಬೇರೆ ಯಾರ ಬೆರಳಾದರೂ ಇದೆಯೇ’ ಎಂದು ಒಂದು ಸಾಲು ಕೇಳಿದ್ದರೂ ಸಾಕಿತ್ತು. ಅಂದಿನಿಂದ ದೊಡ್ಡ ಮೊತ್ತಕ್ಕೆ ಬೆರಳು ತೆಗೆಸಿ ಆ್ಯಪ್‌ನ ಪಿನ್ ಇಟ್ಟಿದ್ದೇವೆ. ಸೆಟ್ಟಿಂಗ್ಸ್‌ನ ತಳದಲ್ಲೆಲ್ಲೋ ಆ ಸೌಲಭ್ಯ ಅಡಗಿ ಕುಳಿತಿದೆ.

ಸಾಧನಗಳ ಪಟ್ಟಿಯಂತೂ ಓದುವವರನ್ನು ಹೆದರಿಸಲೆಂದೇ ಬರೆದಂತಿದೆ. ‘ಸಾಹುಕಾರರ ಫೋನ್’ ಎಂದು ಹೆಸರಿಡಲು ಅವಕಾಶವಿಲ್ಲ, ಅಕ್ಷರ ಅಂಕಿ ಬೆರೆತ ಮಾಡೆಲ್ ಸಂಖ್ಯೆ ಮಾತ್ರ ಕಾಣುತ್ತದೆ. ಪಕ್ಕದಲ್ಲಿ ‘ಕೊನೆಯ ಬಳಕೆ: ಹೈದರಾಬಾದ್’. ಸಾಹುಕಾರರು ಗಂಜ್ ದಾಟಿಯೇ ಇರಲಿಲ್ಲ. ಹಣ ಹೋಯಿತೆಂದೇ ತಿಳಿದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಫೋನ್ ಎತ್ತಿಕೊಂಡಿದ್ದರು. ಐಪಿ ವಿಳಾಸ, ಅಂದರೆ ಅಂತರಜಾಲದಲ್ಲಿ ಫೋನಿಗೆ ಸಿಗುವ ಸಂಖ್ಯೆ, ನೋಡಿ ಊರು ಊಹಿಸಿದರೆ ಹೀಗಾಗುತ್ತದೆ. ನಮ್ಮ ಮೊಬೈಲ್ ಡೇಟಾ ಯಾವ ಊರಿನ ಕೇಂದ್ರದ ಮೂಲಕ ಹೊರಬೀಳುತ್ತದೋ ಆ ಊರಿನ ಹೆಸರು ಬರುತ್ತದೆ. ‘ಅಂದಾಜು’ ಎಂಬ ಪದವೊಂದನ್ನು ಸೇರಿಸಲು ಬ್ಯಾಂಕಿಗೆ ಏನು ಖರ್ಚು?

ಹೊಸ ಫೋನ್ ಕೊಂಡರೆ ಮೊದಲ ದಿನ ದೊಡ್ಡ ಮೊತ್ತ ಹೋಗುವುದಿಲ್ಲ. ಯುಪಿಐನಲ್ಲೂ ಮೊದಲ 24 ಗಂಟೆ 5,000 ರೂಪಾಯಿಯ ಮಿತಿ ಇದೆ. ಇದಕ್ಕೆ ನನ್ನ ತಕರಾರಿಲ್ಲ, ಸುಗ್ಗಿಯಲ್ಲಿ ಫೋನ್ ಬದಲಿಸಬೇಡಿ ಅಷ್ಟೇ. ಹಳೆಯ ಫೋನನ್ನು ಪಟ್ಟಿಯಿಂದ ತೆಗೆಯುವುದೇ ನಿಜವಾದ ಪಾಡು: ಹಳೆಯದು ಕೈಯಲ್ಲಿದ್ದರೆ ಒಂದೇ ಒತ್ತು, ಕಳೆದುಹೋಗಿದ್ದರೆ ಶಾಖೆಗೆ ಹೋಗಿ ಅರ್ಜಿ ಕೊಡಬೇಕು. ಬೇಗ ತೆಗೆಯಬೇಕಾದದ್ದು ಯಾವುದನ್ನು?

ಕಾರ್ಡ್‌ನ ಆನ್‌ಲೈನ್ ಪಾವತಿಗೆ ಎರಡನೆಯ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ 2009ರಲ್ಲೇ ಕಡ್ಡಾಯ ಮಾಡಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿ 2026ರ ಏಪ್ರಿಲ್ 1ರಿಂದ ಜಾರಿ ಎಂದ ನಿರ್ದೇಶನಗಳು ಎಸ್‌ಎಂಎಸ್ ಒಟಿಪಿಯ ಆಚೆಗಿನ ವಿಧಾನಗಳಿಗೂ ದಾರಿ ಬಿಟ್ಟಿವೆ. ಸಾಧನ, ಸ್ಥಳ, ಗ್ರಾಹಕರ ನಡವಳಿಕೆ ನೋಡಿ ಅನುಮಾನ ಬಂದರೆ ಹೆಚ್ಚಿನ ತಪಾಸಣೆ ಮಾಡಬಹುದು ಎಂದೂ ಹೇಳಿವೆ. ನಿಯಮ ಪಾಲಿಸದೆ ನಡೆಸಿದ ವ್ಯವಹಾರದಲ್ಲಿ ಗ್ರಾಹಕರಿಗೆ ನಷ್ಟವಾದರೆ ಬ್ಯಾಂಕ್ ಅದನ್ನು ಪೂರ್ತಿ ತುಂಬಿಕೊಡಬೇಕು. ಈ ಕೊನೆಯ ಮಾತನ್ನು ಆ್ಯಪ್‌ನ ಸಹಾಯ ಪುಟದಲ್ಲಿ ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ.

ಐದರಲ್ಲಿ ಮೂರು ನಕ್ಷತ್ರ. ತನ್ನ ಫೋನನ್ನು ತಾನೊಬ್ಬರೇ ಬಳಸುವವರು ಧಾರಾಳವಾಗಿ ಇನ್ನೊಂದು ನಕ್ಷತ್ರ ಸೇರಿಸಿಕೊಳ್ಳಬಹುದು. ಅಂಗಡಿಯವರು ಮೊದಲು ಫೋನಿನ ಸೆಟ್ಟಿಂಗ್ಸ್ ತೆರೆದು ಅದರಲ್ಲಿ ಯಾರ ಯಾರ ಬೆರಳಿದೆ ನೋಡಿ, ಆಮೇಲೆ ಈ ಆ್ಯಪ್ ಹಾಕಿಕೊಳ್ಳಿ.